ಭೇಟಿಯೂ ಕೆಲಸವೇ: ಕಾರ್ಮಿಕ ಸಚಿವರಿಗೆ ಕಂಪ್ಯೂಟರ್ ಟೆಕ್ನಿಷಿಯನ್ ಒಬ್ಬನ ಬಹಿರಂಗ ಪತ್ರ

ಸನ್ಮಾನ್ಯ ಕಾರ್ಮಿಕ ಸಚಿವರಿಗೆ ಮತ್ತು ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯವರಿಗೆ,

ನಮಸ್ಕಾರ.

ಕಂಪ್ಯೂಟರ್ ಕೆಟ್ಟರೆ ಮನೆಗೇ ಬಂದು ಸರಿಮಾಡಿಕೊಡುವ ಕಂಪನಿಯೊಂದಕ್ಕೆ ನಾನು ಕಾಲ್ ಲೆಕ್ಕದಲ್ಲಿ, ಅಂದರೆ ರಿಪೇರಿಗೆ ಕರೆ ಬಂದಾಗಷ್ಟೇ, ಕೆಲಸ ಮಾಡುತ್ತೇನೆ. ಸಂಬಳ ಇಲ್ಲ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಬೈಕು, ಪೆಟ್ರೋಲು, ಸ್ಕ್ರೂಡ್ರೈವರ್ ಸೆಟ್ಟು, ಮಲ್ಟಿಮೀಟರು, ಬೂಟ್ ಆಗುವ ಪೆನ್‌ಡ್ರೈವ್‌ಗಳು, ಫೋನಿನ ರೀಚಾರ್ಜು ಎಲ್ಲವೂ ನನ್ನವೇ. ಇದಕ್ಕೆ ಮುಂಚೆ ಕಂಪ್ಯೂಟರ್ ಸಾಮಾನಿನ ಪೇಟೆಯಾದ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ಬೆಂಚಿನ ಮೇಲೆ ಕೂತು ಇದೇ ಕೆಲಸ ಮಾಡುತ್ತಿದ್ದೆ. ಬೆಂಗಳೂರಿನಲ್ಲಿ ನನ್ನ ಹಾಗೆ ಅಂಗಡಿ ಬಿಟ್ಟು ಮನೆಮನೆಗೆ ತಿರುಗುವ ಕೆಲಸಕ್ಕೆ ಬಂದವರು ಬಹಳ ಜನ ಇದ್ದಾರೆ.

2025ರಲ್ಲಿ ನಮ್ಮ ರಾಜ್ಯ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ, ಅಂದರೆ ಆ್ಯಪಿನಂಥ ವೇದಿಕೆಯಿಂದ ಬಿಡಿ ಕೆಲಸ ಪಡೆದು ದುಡಿಯುವವರ, ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದೇ ಒಂದು ಕಾಯ್ದೆ ತಂದಿತು. ಮೊದಲು ಸುಗ್ರೀವಾಜ್ಞೆ, ಆಮೇಲೆ ವಿಧಾನಮಂಡಲದ ಒಪ್ಪಿಗೆ. ಅದನ್ನು ತಂದ ಸರ್ಕಾರಕ್ಕೆ ಮತ್ತು ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ನಿಂತ ಕ್ಯಾಬ್ ಚಾಲಕರಿಗೆ, ಡೆಲಿವರಿ ಹುಡುಗರಿಗೆ ನಾನು ಋಣಿ. ಈ ಪತ್ರ ಆ ಕಾಯ್ದೆಯ ವಿರುದ್ಧ ಅಲ್ಲ. ಅದರ ನಿಯಮಗಳನ್ನು, ಮಾದರಿ ಕರಾರನ್ನು ರೂಪಿಸುವಾಗ ಮತ್ತು ತಿದ್ದುವಾಗ ಒಂದು ವಿಷಯವನ್ನು ಸೇರಿಸಿ ಎಂದು ಕೇಳುವುದಕ್ಕೆ ಬರೆಯುತ್ತಿದ್ದೇನೆ. ಟೆಕ್ನಿಷಿಯನ್ ಗಿರಾಕಿಯ ಮನೆಗೆ ಹೋಗಿ, ಯಂತ್ರವನ್ನು ಪರೀಕ್ಷೆ ಮಾಡಿ, ಏನಾಗಿದೆ ಎಂದು ಹೇಳಿದ ಮೇಲೆ ಅದು ಪೂರ್ತಿ ಕೆಲಸ. ರಿಪೇರಿ ಆಗಲಿ ಬಿಡಲಿ, ಅದಕ್ಕೆ ಕೂಲಿ ಸಲ್ಲಬೇಕು. ಆ ಭೇಟಿ ಕಲ್ಯಾಣ ನಿಧಿಯ ಲೆಕ್ಕಕ್ಕೂ ಬರಬೇಕು.

ಈಗ ಹಾಗಿಲ್ಲ. ಹೇಗಿದೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ನಮ್ಮ ಕೆಲಸದ ಈ ಭಾಗ ಕಾಣುವುದೇ ಇಲ್ಲ.

ಬೆಳಿಗ್ಗೆ ಫೋನಿಗೆ ಟಿಕೆಟ್, ಅಂದರೆ ಗಿರಾಕಿಯ ದೂರಿನ ಚೀಟಿ, ಬರುತ್ತದೆ. ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲ, ನಾಗರಬಾವಿ, ಹತ್ತರಿಂದ ಹನ್ನೊಂದು. ಅಷ್ಟೇ ಇರುತ್ತದೆ. ಯಾವ ಮಾಡೆಲ್, ಎಷ್ಟು ಹಳೆಯದು, ಕಾಫಿ ಚೆಲ್ಲಿದೆಯೋ ಕೆಳಗೆ ಬಿದ್ದಿದೆಯೋ, ಯಾವುದನ್ನೂ ಯಾರೂ ಕೇಳಿ ಬರೆದುಕೊಂಡಿರುವುದಿಲ್ಲ. ಮನೆಗೆ ಹೋಗಿ ನೋಡಿದರೆ ಆನ್ ಆಗದಿರುವುದಕ್ಕೆ ನೂರೆಂಟು ಕಾರಣ. ಚಾರ್ಜರ್ ಹೋಗಿರಬಹುದು. ರ‍್ಯಾಮ್‌ನ ಪಿನ್‌ಗಳ ಮೇಲೆ ಕೊಳೆ ಕೂತಿರಬಹುದು, ಬಿಚ್ಚಿ ರಬ್ಬರಿನಿಂದ ಉಜ್ಜಿ ಹಾಕಿದರೆ ಎದ್ದು ಕೂರುತ್ತದೆ. ಹಿಂಜ್ ಮುರಿದ ಲ್ಯಾಪ್‌ಟಾಪ್ ಆದರೆ ಡಿಸ್‌ಪ್ಲೇ ಕೇಬಲ್ ಅಲ್ಲೇ ಸವೆದು ತುಂಡಾಗಿರುತ್ತದೆ. ಯಂತ್ರ ಒಳಗೆ ಓಡುತ್ತಲೇ ಇರುತ್ತದೆ, ಪರದೆ ಮಾತ್ರ ಕಪ್ಪು. ಬೋರ್ಡಿನಲ್ಲಿ ಶಾರ್ಟ್ ಆಗಿದ್ದರೆ ಮನೆಯಲ್ಲಿ ಕೂತು ಆಗುವ ಕೆಲಸವಲ್ಲ, ಚಿಪ್ ಲೆವೆಲ್, ಅಂದರೆ ಬೋರ್ಡಿನ ಮೇಲಿನ ಬಿಡಿ ಭಾಗಗಳ ರಿಪೇರಿ, ಮಾಡುವವರ ಹತ್ತಿರ ಹೋಗಬೇಕು. ಇವನ್ನೆಲ್ಲ ಒಂದೊಂದಾಗಿ ತಳ್ಳಿಹಾಕುತ್ತಾ ಕಾರಣಕ್ಕೆ ಬಂದು ಮುಟ್ಟುವುದೇ ನಮ್ಮ ವಿದ್ಯೆ. ಪಾರ್ಟ್ ಬದಲಾಯಿಸುವುದನ್ನು ಆರು ತಿಂಗಳಲ್ಲಿ ಯಾರಿಗೆ ಬೇಕಾದರೂ ಕಲಿಸಬಹುದು. ಯಾವ ಪಾರ್ಟ್ ಬದಲಾಯಿಸಬೇಕು, ಯಾವುದನ್ನು ಮುಟ್ಟಬಾರದು ಎಂದು ತಿಳಿಯುವುದಕ್ಕೆ ವರ್ಷಗಳು ಬೇಕು. ಕಂಪನಿಯ ರೇಟ್ ಕಾರ್ಡಿನಲ್ಲಿ ಎಸ್‌ಎಸ್‌ಡಿ (ಫೈಲು ಉಳಿಸುವ ಚಿಪ್ಪಿನ ಡಿಸ್ಕ್) ಹಾಕುವುದಕ್ಕೆ ಇಷ್ಟು, ಕೀಬೋರ್ಡ್ ಬದಲಿಸುವುದಕ್ಕೆ ಇಷ್ಟು, ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವ ಫಾರ್ಮ್ಯಾಟ್‌ಗೆ ಇಷ್ಟು ಎಂದು ಸಾಲಾಗಿ ಇದೆ. ಕಾರಣ ಹುಡುಕುವುದಕ್ಕೆ ಒಂದು ಸಾಲೂ ಇಲ್ಲ.

ವಿಸಿಟ್ ಚಾರ್ಜ್ ಅಂತ ಒಂದಿದೆ, ನಿಜ. ಆದರೆ ರಿಪೇರಿ ಮಾಡಿಸಿದರೆ ಅದು ಉಚಿತ ಎಂದು ಗಿರಾಕಿಗೆ ಜಾಹೀರಾತಿನಲ್ಲೇ ಹೇಳಿರುತ್ತಾರೆ. ಹಾಗಾಗಿ ರಿಪೇರಿ ಆದಾಗ ಅದು ನಮಗೆ ಸಿಗುವುದಿಲ್ಲ. ರಿಪೇರಿ ಆಗದಿದ್ದಾಗ, 'ಏನೂ ಮಾಡೇ ಇಲ್ವಲ್ಲಪ್ಪ, ಯಾತಕ್ಕೆ ದುಡ್ಡು?' ಎಂದು ಗಿರಾಕಿ ಕೇಳುತ್ತಾರೆ. ಒತ್ತಾಯ ಮಾಡಿದರೆ ರೇಟಿಂಗ್ ಬೀಳುತ್ತದೆ. ಕಂಪನಿಗೆ ಫೋನ್ ಮಾಡಿದರೆ ಟಿಕೆಟ್ ಕ್ಯಾನ್ಸಲ್ ಮಾಡಿ ಮುಂದಿನ ಕಾಲ್‌ಗೆ ಹೊರಡಿ ಎನ್ನುತ್ತಾರೆ. ಕ್ಯಾನ್ಸಲ್ ಆದ ಟಿಕೆಟ್‌ಗೆ ಕೂಲಿ ಸೊನ್ನೆ. ಸುಂಕದಕಟ್ಟೆಯಿಂದ ಸರ್ಜಾಪುರ ರಸ್ತೆಗೆ ಹೋಗಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಸರು ಬರೆಸಿ ಒಪ್ಪಿಗೆಗೆ ಕಾದು, ಸರ್ವಿಸ್ ಲಿಫ್ಟಿನಲ್ಲಿ ಹತ್ತಿ, ಒಂದೂವರೆ ಗಂಟೆ ಬಿಚ್ಚಿ ಜೋಡಿಸಿ, ಲೀಟರಿಗೆ ನೂರು ದಾಟಿದ ಪೆಟ್ರೋಲ್ ಸುಟ್ಟುಕೊಂಡು ವಾಪಸ್ ಬಂದದ್ದಕ್ಕೆ ಸೊನ್ನೆ.

ಇದೇ ಸರ್ಕಾರ ಬೆಂಗಳೂರಿನ ಆಟೋಗೆ 2025ರ ಆಗಸ್ಟ್ 1ರಿಂದ ದರ ಪರಿಷ್ಕರಿಸಿತು. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಅದರಲ್ಲೇ ಕಾಯುವುದಕ್ಕೂ ದರ ಇದೆ. ಮೊದಲ 5 ನಿಮಿಷ ಬಿಟ್ಟು ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಚಾಲಕ ಸುಮ್ಮನೆ ನಿಂತಿದ್ದರೂ ಅವನ ಹೊತ್ತಿಗೆ ಬೆಲೆ ಇದೆ ಎಂದು ಸರ್ಕಾರವೇ ಒಪ್ಪಿದೆ. ಅದು ನ್ಯಾಯವಾದ ಮಾತು. ನಾವು ನಿಂತು ಕಾಯುವುದು ಮಾತ್ರವಲ್ಲ, ಆ ಹೊತ್ತಿನಲ್ಲಿ ತಲೆ ಓಡಿಸಿ ಕೆಲಸ ಮಾಡುತ್ತಿರುತ್ತೇವೆ.

ಇದು ಬರೀ ನಮ್ಮ ಹೊಟ್ಟೆಪಾಡಿನ ಮಾತಾಗಿದ್ದರೆ ಬಹಿರಂಗ ಪತ್ರ ಬರೆಯುತ್ತಿರಲಿಲ್ಲ, ಇಲಾಖೆಗೆ ಒಂದು ಅರ್ಜಿ ಹಾಕಿ ಸುಮ್ಮನಾಗುತ್ತಿದ್ದೆ. ಈ ಪದ್ಧತಿಯ ಪೆಟ್ಟು ಮನೆಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿರುವ ಎಲ್ಲರಿಗೂ ಬೀಳುತ್ತಿದೆ. ರಿಪೇರಿಯಾದರೆ ಮಾತ್ರ ದುಡ್ಡು ಎಂದಾಗ, ರಿಪೇರಿ ಬೇಕಿಲ್ಲ ಎಂದು ಹೇಳುವ ಟೆಕ್ನಿಷಿಯನ್ ಉಪವಾಸ ಬೀಳುತ್ತಾನೆ. ಸುಮ್ಮನೆ ಒಂದು ಫಾರ್ಮ್ಯಾಟ್ ಹೊಡೆದು ಬರುವವನು ಬದುಕುತ್ತಾನೆ.

ಹಾರ್ಡ್ ಡಿಸ್ಕಿನ ವಿಷಯವನ್ನೇ ನೋಡಿ. ಹಳೆಯ ಕಂಪ್ಯೂಟರ್ ಒಳಗಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಬಹುತೇಕ ಸಲ ಡಿಸ್ಕಿನಿಂದ ಡೇಟಾ ಓದುವ ಹೆಡ್ ಕೆಟ್ಟಿದೆ ಎಂದೇ ಲೆಕ್ಕ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ತಟ್ಟೆಯ ಮೇಲೆ ಇನ್ನಷ್ಟು ಗೀರು ಬೀಳಬಹುದು. ಮಾಡಬೇಕಾದ ಸರಿಯಾದ ಕೆಲಸ ಒಂದೇ. ಆ ಕ್ಷಣವೇ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ, ಒಳಗಿನ ಫೋಟೋ, ಕಾಗದಪತ್ರ ಬೇಕೇ ಬೇಕು ಎಂದಾದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ಬಿಚ್ಚುವ ಲ್ಯಾಬಿಗೆ ಕೊಡಿ ಎಂದು ಹೇಳುವುದು. ಹೀಗೆ ಹೇಳಿ ಬಂದ ದಿನ ನನಗೆ ಬಿಡಿಗಾಸೂ ಇಲ್ಲ, ಟಿಕೆಟ್ ಮೇಲೆ 'ರಿಪೇರಿ ಆಗಿಲ್ಲ' ಎಂಬ ಗುರುತು ಬೇರೆ. ಅದೇ ನಾನು ರಿಕವರಿ ಸಾಫ್ಟ್‌ವೇರ್ ಹಾಕಿ ಎರಡು ಗಂಟೆ ಆ ಡಿಸ್ಕನ್ನು ತಿರುಗಿಸಿದರೆ, ಡೇಟಾ ರಿಕವರಿ ಪ್ರಯತ್ನ ಎಂದು ರೇಟ್ ಕಾರ್ಡಿನಲ್ಲಿ ಸಾಲು ಇದೆ, ದುಡ್ಡು ಬರುತ್ತದೆ. ಡಿಸ್ಕ್ ಮಾತ್ರ ಪೂರ್ತಿ ಸತ್ತಿರುತ್ತದೆ. ಮಗಳ ಮದುವೆಯ ಫೋಟೋಗಳನ್ನು ಉಳಿಸಿದವನಿಗೆ ಸೊನ್ನೆ, ಕಳೆದವನಿಗೆ ಕೂಲಿ. ಇಂಥ ಲೆಕ್ಕವನ್ನು ನಾನು ಯಾವ ಕಸುಬಿನಲ್ಲೂ ನೋಡಿಲ್ಲ.

ಇನ್ನೊಂದು ಉದಾಹರಣೆ, ಇತ್ತೀಚಿನದು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ಪರದೆಯ ಮೇಲೆ ಆ ಸೂಚನೆ ನೋಡಿ ಜನ ಗಾಬರಿಯಾದರು. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ಅದರ ಈಚಿನದೋ ಪ್ರೊಸೆಸರ್ ಬೇಕು. ಮಧ್ಯಮ ವರ್ಗದ ಮನೆಗಳಲ್ಲಿ ಅದಕ್ಕಿಂತ ಹಳೆಯ ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿವೆ. ಬಸವೇಶ್ವರನಗರದ ನಿವೃತ್ತ ಮೇಷ್ಟ್ರೊಬ್ಬರು, 'ಹೊಸದು ತಗೊಳ್ಳಲೇಬೇಕೇನಪ್ಪಾ? ನಾನು ನೋಡೋದು ಪೇಪರ್ರು, ಪಿಂಚಣಿ, ಮೊಮ್ಮಗನ ವಿಡಿಯೋ ಅಷ್ಟೆ' ಎಂದು ಕೇಳಿದರು. ಬೇಡ ಸರ್, ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿಕೊಳ್ಳಬಹುದು, ಇನ್ನೊಂದು ವರ್ಷ ಆರಾಮಾಗಿ ಬಳಸಿ, ಅಷ್ಟರಲ್ಲಿ ಯೋಚನೆ ಮಾಡಿ ಎಂದು ಹೇಳಿ ಅಲ್ಲೇ ಮಾಡಿಕೊಟ್ಟೆ. ಅವರಿಗೆ ಒಂದು ಲ್ಯಾಪ್‌ಟಾಪಿನ ದುಡ್ಡು ಉಳಿಯಿತು. ರೇಟ್ ಕಾರ್ಡಿನಲ್ಲಿ ಅದಕ್ಕೆ ಸಾಲಿಲ್ಲ, ಟಿಕೆಟ್ ಕ್ಯಾನ್ಸಲ್. ಮೇಷ್ಟ್ರು ತಾವಾಗಿ ಕೈಗೆ ಏನೋ ಕೊಡಲು ಬಂದರು. ತೆಗೆದುಕೊಳ್ಳುವಂತಿಲ್ಲ, ಕಂಪನಿಯ ಹೊರಗೆ ದುಡ್ಡು ಮುಟ್ಟಿದರೆ ಐಡಿ ಬ್ಲಾಕ್.

ವಂಚನೆಯ ವಿಷಯವಂತೂ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಕಂಪ್ಯೂಟರ್ ತುಂಬಾ ನಿಧಾನ ಎಂದು ಟಿಕೆಟ್ ಬಂದಿರುತ್ತದೆ. ಹೋಗಿ ನೋಡಿದರೆ ಯಾರೋ 'ಕಂಪನಿಯಿಂದ ಮಾತಾಡುತ್ತಿದ್ದೇವೆ' ಎಂದು ಫೋನ್ ಮಾಡಿ, ದೂರದಿಂದಲೇ ಕಂಪ್ಯೂಟರ್ ನಡೆಸುವ ರಿಮೋಟ್ ಆ್ಯಪ್ ಹಾಕಿಸಿ, ಒಳಗೆ ಕೂತಿರುತ್ತಾರೆ. ಜಯನಗರದ ಮನೆಯೊಂದರಲ್ಲಿ ನಾನು ಹೋದ ಹೊತ್ತಿಗೆ ಆ ಫೋನ್ ಇನ್ನೂ ಚಾಲೂ ಇತ್ತು, ಅಮ್ಮನವರು ಬ್ಯಾಂಕಿನ ಪುಟ ತೆರೆದು ಕೂತಿದ್ದರು. ವೈಫೈ ತೆಗೆದು, ಫೋನ್ ಕಟ್ ಮಾಡಿಸಿ, ಬ್ಯಾಂಕಿಗೆ ಹೇಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಬೇರೆ ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ದುಡ್ಡು ಹೋಗಿರಲಿಲ್ಲ. ಇಂಥ ಪ್ರಕರಣದಲ್ಲಿ ಮೊದಲ ಒಂದೆರಡು ಗಂಟೆ ಎಷ್ಟು ಮುಖ್ಯ ಎಂದು ಪೊಲೀಸರೇ ಮತ್ತೆ ಮತ್ತೆ ಹೇಳುತ್ತಾರೆ. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಒಬ್ಬ ತಿಳಿದವನು ಇದ್ದ, ಅಷ್ಟೇ. ಅವನು ಅಲ್ಲಿ ಮಾಡಿದ್ದನ್ನು ಕೆಲಸ ಎಂದು ಬರೆದುಕೊಳ್ಳುವ ಜಾಗ ಯಾವ ಆ್ಯಪಿನಲ್ಲೂ ಇಲ್ಲ.

ಇನ್ನು ಹೊಣೆಗಾರಿಕೆಗೆ ಬರೋಣ. ನಾನು ಸಹಿ ಮಾಡಿದ ಕರಾರಿನಲ್ಲಿ, ಗಿರಾಕಿಯ ಡೇಟಾ ಹೋದರೆ ಅದಕ್ಕೆ ಟೆಕ್ನಿಷಿಯನ್ನೇ ಜವಾಬ್ದಾರಿ ಎಂದಿದೆ. ಯಾವ ಸಂದರ್ಭದಲ್ಲಿ, ಎಷ್ಟರ ಮಟ್ಟಿಗೆ ಎಂದಿಲ್ಲ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ. ಬೋರ್ಡ್ ಬದಲಾದರೆ, ಕೆಲವೊಮ್ಮೆ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆದರೂ ಸಾಕು, ಆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆ ಕೀ ಸಾಮಾನ್ಯವಾಗಿ ಗಿರಾಕಿಯ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಕೊಂಡಾಗ ಅಂಗಡಿಯವನೋ ಮಗನೋ ಯಾವುದೋ ಇಮೇಲ್ ಹಾಕಿರುತ್ತಾರೆ, ಅದು ಯಾರಿಗೂ ನೆನಪಿರುವುದಿಲ್ಲ. ಕೀ ಇಲ್ಲದೆ ಆ ಡಿಸ್ಕಿನೊಳಗಿನದು ಯಾರ ಕೈಗೂ ಸಿಗುವುದಿಲ್ಲ, ಅದನ್ನು ಹಾಗೆಯೇ ಕಟ್ಟಿರುವುದು. 'ನೀವು ಬರೋಕೆ ಮುಂಚೆ ಇದು ಕೇಳ್ತಿರಲಿಲ್ಲ' ಎಂದು ಗಿರಾಕಿ ಹೇಳುತ್ತಾರೆ. ಅವರ ಕಣ್ಣಿಗೆ ಅದು ಸತ್ಯವೇ. ದೂರು ಬಂದರೆ ಕಂಪನಿ ವಿಚಾರಿಸುವುದಿಲ್ಲ, ಮುಂದಿನ ವಾರದ ಬಿಲ್ಲಿನಲ್ಲಿ ಹಿಡಿದುಕೊಳ್ಳುತ್ತದೆ. ಅದೇ ಕಂಪನಿಯ ಜಾಹೀರಾತಿನಲ್ಲಿ 'ನಿಮ್ಮ ಡೇಟಾ ನಮ್ಮಲ್ಲಿ ಸುರಕ್ಷಿತ' ಎಂದು ಬರೆದಿದೆ. ಗಿರಾಕಿಗೆ ಭರವಸೆ ಕೊಡುವುದು ಕಂಪನಿಯಾದರೆ ಅದರ ಭಾರ ಹೊರುವುದೂ ಕಂಪನಿಯೇ ಆಗಬೇಕು. ಕೆಲಸಕ್ಕೆ ಮುಂಚೆ ಗಿರಾಕಿಯ ಸಹಿ ಪಡೆಯುವ ಒಂದು ಪುಟದ ನಮೂನೆ, ಬ್ಯಾಕಪ್ ಇದೆಯೇ, ರಿಕವರಿ ಕೀ ಗೊತ್ತೇ ಎಂಬ ಎರಡು ಪ್ರಶ್ನೆ. ಇಷ್ಟನ್ನು ಕಡ್ಡಾಯ ಮಾಡಿದರೂ ಅರ್ಧ ಜಗಳ ನಿಲ್ಲುತ್ತದೆ.

ಮೈಮೇಲಿನ ಅಪಾಯಗಳೂ ಇವೆ. ಡೆಸ್ಕ್‌ಟಾಪಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯ ಒಳಗೆ 230 ವೋಲ್ಟಿನ ಕರೆಂಟು ಸುಮಾರು 325 ವೋಲ್ಟ್ ಡಿಸಿಯಾಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ವೈರ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಚಾಮರಾಜಪೇಟೆ, ಬಳೇಪೇಟೆ ಕಡೆಯ ಹಳೆಯ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ ಕ್ಯಾಬಿನೆಟ್ ಮುಟ್ಟಿದರೇ ಜುಮ್ಮೆನ್ನುತ್ತದೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯದು ಇನ್ನೊಂದು ಕಥೆ. ಅಂಟಿಸಿರುವ ಲಿಥಿಯಂ ಬ್ಯಾಟರಿಯನ್ನು ಮೆಲ್ಲಗೆ ಎಬ್ಬಿಸುವಾಗ ಚುಚ್ಚಿದರೆ ಬೆಂಕಿ. ಎಬ್ಬಿಸಿದ ಮೇಲೆ 'ಅದನ್ನ ನೀವೇ ತಗೊಂಡ್ ಹೋಗಿಬಿಡಿ' ಎನ್ನುತ್ತಾರೆ. ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಬೆನ್ನಿಗೆ ಏರಿಸಿಕೊಂಡು, ಬೇಸಿಗೆಯ ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಿರುತ್ತೇವೆ. ಅದನ್ನು ವಾಪಸ್ ಪಡೆಯುವ ವ್ಯವಸ್ಥೆ ನಾನು ಕೆಲಸ ಮಾಡುವ ಕಂಪನಿಯಲ್ಲಿಲ್ಲ.

2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಡೆಲಿವರಿ ಕೆಲಸಗಾರರಿಗಾಗಿ 4 ಲಕ್ಷ ರೂಪಾಯಿಯ ವಿಮೆ ಪ್ರಕಟಿಸಿತು, 2 ಲಕ್ಷ ಜೀವವಿಮೆ, 2 ಲಕ್ಷ ಅಪಘಾತ ವಿಮೆ. ಒಳ್ಳೆಯ ಹೆಜ್ಜೆ. ಅವರು ಓಡಾಡುವ ರಸ್ತೆಯಲ್ಲೇ, ಅದೇ ಗುಂಡಿಗಳ ನಡುವೆ, ನಾವೂ ಓಡಾಡುತ್ತೇವೆ. ನಮ್ಮ ಬೆನ್ನ ಮೇಲಿರುವುದು ಊಟದ ಡಬ್ಬಿಯಲ್ಲ, ಡಿಸ್‌ಪ್ಲೇ ಪ್ಯಾನೆಲ್ಲು. ಅದಷ್ಟೇ ವ್ಯತ್ಯಾಸ.

ಈಗ ಕಾಯ್ದೆಯ ಮಾತು. ನಾನು ಓದಿ ತಿಳಿದುಕೊಂಡ ಮಟ್ಟಿಗೆ ಅದರಲ್ಲಿ ನಮಗೆ ಆಸರೆಯಾಗುವ ಅಂಶಗಳು ಹಲವು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ಕ್ಕೆ ಕಡಿಮೆಯಿಲ್ಲದ, ಶೇ 5 ಮೀರದ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕರಾರು ಸರಳ ಭಾಷೆಯಲ್ಲಿರಬೇಕು. ದುಡ್ಡು ಹಿಡಿದುಕೊಂಡರೆ ಕಾರಣ ತಿಳಿಸಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣದೊಂದಿಗೆ 14 ದಿನದ ನೋಟಿಸ್ ಕೊಡಬೇಕು. ಅನುಸೂಚಿಯಲ್ಲಿ ಕ್ಯಾಬು, ಡೆಲಿವರಿ, ಸರಕು ಸಾಗಣೆಯ ಜೊತೆಗೆ ವೃತ್ತಿಪರ ಸೇವೆಯೂ ಇದೆ. ಅಂದರೆ ನಮಗೂ ಬಾಗಿಲು ತೆರೆದಿದೆ.

ಆದರೆ ಕಾಯ್ದೆಯ ಅಳತೆಗೋಲು ವಹಿವಾಟು. ಡೆಲಿವರಿ ಹುಡುಗ ಹೊರಟ ಬಹುಪಾಲು ಸುತ್ತು ಒಂದು ವಹಿವಾಟಿನಲ್ಲಿ ಮುಗಿಯುತ್ತದೆ, ಚಾಲಕನ ಸವಾರಿಯೂ ಹಾಗೇ. ನಮ್ಮ ಕಸುಬಿನಲ್ಲಿ ದೊಡ್ಡ ಪಾಲು ಶ್ರಮ ವಹಿವಾಟು ಆಗದ ಕಡೆ ಇರುತ್ತದೆ. ಕ್ಯಾನ್ಸಲ್ ಆದ ಟಿಕೆಟ್‌ಗೆ ನಮಗೆ ಸಲ್ಲುವ ಮೊತ್ತ ಸೊನ್ನೆ, ಸೊನ್ನೆಯ ಶೇ 5 ಕೂಡ ಸೊನ್ನೆ. ಮಧ್ಯಾಹ್ನದವರೆಗೆ ದುಡಿದರೂ ಕಲ್ಯಾಣ ನಿಧಿಯ ಲೆಕ್ಕದಲ್ಲಿ ಆ ದಿನ ನಾನು ದುಡಿದೇ ಇಲ್ಲ. ನಾಳೆ ಇಂಥ ಭೇಟಿಯಿಂದ ಮರಳುವಾಗ ಅಪಘಾತವಾದರೆ, ಅವನು ಆಗ ಕೆಲಸದ ಮೇಲಿದ್ದನೇ ಎಂಬ ಪ್ರಶ್ನೆ ಬರುತ್ತದೆ. ಟಿಕೆಟ್ ಕ್ಯಾನ್ಸಲ್ ಎಂದು ತೋರಿಸಿ ಕಂಪನಿ ಕೈತೊಳೆದುಕೊಳ್ಳಬಹುದು. ಅದಕ್ಕೇ ನಾನು ಕೇಳುವುದು, ಪ್ರತಿ ಭೇಟಿಗೆ ಒಂದು ಕನಿಷ್ಠ ಪರೀಕ್ಷಾ ಶುಲ್ಕ ಇರಲಿ. ಗಿರಾಕಿ ಕೊಡಲಿ, ಕೊಡದಿದ್ದರೆ ಕಳಿಸಿದ ಕಂಪನಿ ಕೊಡಲಿ. ದೂರವನ್ನು ನೋಡಿ ಅದು ಏರಿಳಿಯಲಿ. ಟಿಕೆಟ್ ಒಪ್ಪಿದ ಗಳಿಗೆಯಿಂದ ಮನೆ ಬಿಟ್ಟು ಹೊರಬರುವವರೆಗೆ ಕೆಲಸದ ಹೊತ್ತು ಎಂದು ದಾಖಲಾಗಲಿ. ಆ್ಯಪಿನಲ್ಲಿ ಜಿಪಿಎಸ್ ಇದೆ, ನಾನು ತಡವಾದರೆ ಅದು ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ. ಲೆಕ್ಕ ಇಡುವುದು ಅದಕ್ಕೆ ಕಷ್ಟವಲ್ಲ.

14 ದಿನದ ನೋಟಿಸಿನ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಸುಮ್ಮನೆ ಕಾಲ್ ಕಳಿಸುವುದನ್ನು ನಿಲ್ಲಿಸುತ್ತಾರೆ. ಐಡಿ ಚಾಲೂ ಇರುತ್ತದೆ, ಆ್ಯಪ್ ಹಸಿರು ತೋರಿಸುತ್ತದೆ, ಫೋನ್ ಮಾಡಿದರೆ 'ನಿಮ್ಮ ಏರಿಯಾದಲ್ಲಿ ಡಿಮ್ಯಾಂಡ್ ಇಲ್ಲ ಸರ್' ಎಂಬ ಉತ್ತರ. ಪಕ್ಕದ ಬೀದಿಯ ಗೆಳೆಯನಿಗೆ ಅದೇ ಏರಿಯಾದ ಕಾಲ್ ಬರುತ್ತಿರುತ್ತದೆ. ರೇಟಿಂಗ್ ಒಂದು ಗೆರೆಯಿಂದ ಕೆಳಗೆ ಇಳಿದಾಗ ಹೀಗಾಗುತ್ತದೆ ಎಂದು ನಮ್ಮ ನಮ್ಮಲ್ಲೇ ಗೊತ್ತು, ಕಾಗದದ ಮೇಲೆ ಎಲ್ಲೂ ಇಲ್ಲ. ಒಬ್ಬ ಕಾರ್ಮಿಕನಿಗೆ ಬರುತ್ತಿದ್ದ ಕಾಲ್ ಒಮ್ಮೆಲೇ ನಿಂತುಹೋದರೆ ಅದನ್ನೂ ಕೆಲಸದಿಂದ ತೆಗೆದಂತೆ ಎಂದು ನಿಯಮದಲ್ಲಿ ಬರೆಯಿರಿ. ಇಲ್ಲದಿದ್ದರೆ ಆ 14 ದಿನದ ರಕ್ಷಣೆ ನಮ್ಮ ಪಾಲಿಗೆ ಬರುವುದೇ ಇಲ್ಲ.

ಎಲ್ಲ ಕಂಪನಿಗಳಿಗೂ ಆ್ಯಪ್ ಇಲ್ಲ ಎಂಬುದೂ ತಮ್ಮ ಗಮನದಲ್ಲಿರಲಿ. ಎಷ್ಟೋ ಕಡೆ ಒಂದು ವೆಬ್‌ಸೈಟು, ಒಂದು ಫೋನ್ ನಂಬರು, ಒಳಗೆ ಇಬ್ಬರು ಮೂವರು ಕೂತು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಾಲ್ ಹಂಚುತ್ತಾರೆ. ಇನ್ನು ದೊಡ್ಡ ಬ್ರ್ಯಾಂಡಿನ ವಾರಂಟಿ ಕೆಲಸ ಮೊದಲು ಒಬ್ಬ ಗುತ್ತಿಗೆದಾರನಿಗೆ, ಅವನಿಂದ ಇನ್ನೊಬ್ಬನಿಗೆ, ಕೊನೆಗೆ ಕಾಲ್ ಲೆಕ್ಕದ ನಮ್ಮವನಿಗೆ ಬರುತ್ತದೆ. ಗಿರಾಕಿಯ ಮುಂದೆ ಅವನು ಬ್ರ್ಯಾಂಡಿನ ಎಂಜಿನಿಯರ್, ಕೂಲಿ ಕೇಳಿದಾಗ ಯಾರವನೂ ಅಲ್ಲ. ಇವರೆಲ್ಲ ತಾವು ಕಾಯ್ದೆ ಹೇಳುವ ಡಿಜಿಟಲ್ ಮಧ್ಯವರ್ತಿ ಅಲ್ಲವೇ ಅಲ್ಲ ಎಂದು ನುಣುಚಿಕೊಳ್ಳುವ ಮೊದಲೇ, ವಾಟ್ಸ್‌ಆ್ಯಪ್ ಮೂಲಕ ಕೆಲಸ ಹಂಚುವುದೂ ಕಾಯ್ದೆಯ ಒಳಗೇ ಬರುತ್ತದೆ ಎಂದು ಸ್ಪಷ್ಟಪಡಿಸಿ.

ಪಾರ್ಟಿನ ದುಡ್ಡಿನ ಬಗ್ಗೆ ಎರಡೇ ಮಾತು. 2025ರ ಕೊನೆಯ ಹೊತ್ತಿಗೆ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ರ‍್ಯಾಮ್, ಎಸ್‌ಎಸ್‌ಡಿ ಬೆಲೆ ಜಗತ್ತಿನಾದ್ಯಂತ ಏರಿತು. ಎಸ್‌ಪಿ ರಸ್ತೆಯಲ್ಲಿ ಬೆಳಿಗ್ಗೆ ಕೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಕಂಪನಿಯ ರೇಟ್ ಕಾರ್ಡು ಮಾತ್ರ ಹಳೆಯದೇ. ಪಾರ್ಟನ್ನು ನಮ್ಮ ಕೈಯಿಂದ ಕೊಂಡು ಹಾಕಿ, ವಾರ ಕಳೆದ ಮೇಲೆ ಹಳೆಯ ರೇಟಿನಲ್ಲಿ ದುಡ್ಡು ಪಡೆಯಬೇಕು. ಭಾನುವಾರ ಗಿರಾಕಿಗಳಿಗೆ ಬಿಡುವು, ಅಂದೇ ಕಾಲ್ ಜಾಸ್ತಿ. ಭಾನುವಾರ ಎಸ್‌ಪಿ ರಸ್ತೆಯ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಹಾಗಾಗಿ ಮೊದಲೇ ನಾಲ್ಕು ಪಾರ್ಟ್ ತಂದು ಮನೆಯಲ್ಲಿ ಇಟ್ಟುಕೊಳ್ಳಲೇಬೇಕು, ಅದಕ್ಕೆ ಬಂಡವಾಳವೂ ನಮ್ಮದೇ. ಪಾರ್ಟಿನ ಬಿಲ್ ತೋರಿಸಿದರೆ ಆ ಮೊತ್ತ ಅಂದೇ ವಾಪಸ್ ಬರುವ ಹಾಗೆ ಮಾಡಿ.

ಈ ಪತ್ರ ಓದುತ್ತಿರುವ ಬೆಂಗಳೂರಿನ ಮನೆಯವರಲ್ಲೂ ಒಂದು ವಿನಂತಿ ಇದೆ. ನಿಮ್ಮ ಮನೆಗೆ ಬಂದವನು ಹತ್ತು ನಿಮಿಷದಲ್ಲಿ ಕಾರಣ ಕಂಡುಹಿಡಿದರೆ ಅದು ಸುಲಭದ ಕೆಲಸ ಎಂದುಕೊಳ್ಳಬೇಡಿ. ಏನೂ ಬದಲಾಯಿಸುವುದು ಬೇಡ ಎಂದು ಅವನು ಹೇಳಿದರೆ, ಆ ಮಾತನ್ನು ಹೇಳಲು ಅವನು ತನ್ನ ಅಂದಿನ ಕೂಲಿ ಬಿಟ್ಟಿದ್ದಾನೆ ಎಂದು ತಿಳಿಯಿರಿ. ವಿಸಿಟ್ ಚಾರ್ಜ್ ಕೊಡಿ, ಬಿಲ್ ಕೇಳಿ ಪಡೆಯಿರಿ. ಬಿಲ್ ಆದರೆ ಟಿಕೆಟನ್ನು ಕ್ಯಾನ್ಸಲ್ ಮಾಡಲು ಬರುವುದಿಲ್ಲ. ಅವನು ಬರುವ ಮುಂಚೆ ಮುಖ್ಯವಾದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ, ನಿಮ್ಮ ಮೈಕ್ರೋಸಾಫ್ಟ್ ಖಾತೆ ಯಾವ ಇಮೇಲಿನದು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಪಾಸ್‌ವರ್ಡನ್ನು ಅವನ ಕೈಗೆ ಬರೆದುಕೊಡಬೇಡಿ, ನೀವೇ ಟೈಪ್ ಮಾಡಿ. ಇದರಿಂದ ನಿಮಗೂ ಕ್ಷೇಮ, ಅವನಿಗೂ ಕ್ಷೇಮ.

ನೀತಿ ಆಯೋಗ 2022ರ ಜೂನ್ ವರದಿಯಲ್ಲಿ ದೇಶದ ಗಿಗ್ ಕಾರ್ಮಿಕರು 2020–21ರಲ್ಲಿ 77 ಲಕ್ಷ ಇದ್ದರು, 2029–30ರ ಹೊತ್ತಿಗೆ 2.35 ಕೋಟಿ ಆಗಬಹುದು ಎಂದು ಅಂದಾಜು ಮಾಡಿತ್ತು. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಈ ದೊಡ್ಡ ಲೆಕ್ಕದಲ್ಲಿ ಡೆಲಿವರಿ ಮತ್ತು ಕ್ಯಾಬಿನವರು ಕಣ್ಣಿಗೆ ಬೀಳುತ್ತಾರೆ, ಅವರಿಗೆ ಸಂಘಗಳಿವೆ. ಎಸಿ, ವಾಷಿಂಗ್ ಮೆಷಿನ್, ಆರ್‌ಓ ಫಿಲ್ಟರ್, ಕಂಪ್ಯೂಟರ್ ರಿಪೇರಿ ಮಾಡುವ ನಾವು ಒಂದೇ ಕಡೆ ನಿಲ್ಲುವವರಲ್ಲ, ಒಬ್ಬರನ್ನೊಬ್ಬರು ಕಾಣುವುದೇ ಅಪರೂಪ. ಆದ್ದರಿಂದ ಮಂಡಳಿ ಕಾರ್ಮಿಕರ ಅಹವಾಲು ಕೇಳುವಾಗ ಮನೆಗೆ ಹೋಗಿ ರಿಪೇರಿ ಮಾಡುವವರನ್ನು ಪ್ರತ್ಯೇಕವಾಗಿ ಕರೆಯಬೇಕು ಎಂದು ಕೇಳಿಕೊಳ್ಳುತ್ತೇನೆ. ಕ್ಯಾನ್ಸಲ್ ಆದ ಟಿಕೆಟ್‌ಗಳು, ಹಿಡಿದುಕೊಂಡ ದುಡ್ಡಿನ ಬಿಲ್ಲುಗಳು, ಸಹಿ ಹಾಕಿದ ಕರಾರು, ಎಲ್ಲದರ ಪ್ರತಿ ನನ್ನ ಬಳಿ ಇದೆ. ನನ್ನಂಥ ಇನ್ನೂ ಕೆಲವರು ತಮ್ಮದನ್ನೂ ಕೊಡಲು ಒಪ್ಪಿದ್ದಾರೆ. ತಾವು ದಿನ ತಿಳಿಸಿದರೆ ಅವನ್ನೆಲ್ಲ ಜೋಡಿಸಿಕೊಂಡು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹೋಮ್ ಸರ್ವಿಸ್ ಕಂಪ್ಯೂಟರ್ ಟೆಕ್ನಿಷಿಯನ್
ಸುಂಕದಕಟ್ಟೆ, ಬೆಂಗಳೂರು